ಸಹಿ ಹಾಕದ ಕೈ

ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ ಕಡೆಯ ಕೇರಿಗಳಲ್ಲಿ ವಿಮಾನವನ್ನು ತಲೆ ಎತ್ತಿ ನೋಡಿದವರು ಬಹಳ, ಹತ್ತಿದವರು ಕಡಿಮಿ. ಆದರೆ ಸ್ಪ್ಯಾನರ್ ನಮಗೆ ಹೊಸದಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿಗಳಲ್ಲಿ ಕಂಪ್ರೆಸರ್ ರಿಪೇರಿ ಮಾಡಿದವರು ನಮ್ಮ ಅಣ್ಣಂದಿರು. "ಇವತ್ತ ಹೆಂಗರ ಚಾಲೂ ಮಾಡಲೇ, ನಾಳಿಗಿ ನೋಡೂಣು" ಎಂಬ ಮಾಲೀಕನ ಮಾತು ಕೇಳಿ ಬೆಳೆದವರು ನಾವು. ಈ ಮಾತು ಅಮೆರಿಕದಾಗೂ ಐತಿ.

1979ರ ಮೇ 25ರಂದು ಷಿಕಾಗೋದಲ್ಲಿ ನೆಲ ಬಿಟ್ಟೇಳುತ್ತಿದ್ದ ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-10 ವಿಮಾನದ ಎಡ ಎಂಜಿನ್ ಕಳಚಿ ಬಿತ್ತು. 273 ಜನ ಸತ್ತರು. ಎಂಜಿನ್ನನ್ನು ಮೊದಲು ಇಳಿಸಿ, ಅದನ್ನು ರೆಕ್ಕೆಗೆ ಹಿಡಿದಿಡುವ ಪೈಲಾನ್ ಎಂಬ ತೊಲೆಯನ್ನು ಆಮೇಲೆ ಇಳಿಸಬೇಕೆಂದು ತಯಾರಕರು ಹೇಳಿದ್ದರು. ವೇಳೆ ಉಳಿಸಲು ಕಂಪನಿ ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟಿನಿಂದ ಇಳಿಸಿ ಏರಿಸಿತು. ತೊಲೆ ಬಿರುಕು ಬಿಟ್ಟಿತು. ಎಂಟು ವಾರ ಯಾರಿಗೂ ಕಾಣಲಿಲ್ಲ. ಆ ಅಡ್ಡದಾರಿ ಮೆಕ್ಯಾನಿಕ್ ಹುಡುಕಿದ್ದಲ್ಲ, ಕಂಪನಿಯೇ ಬರೆದುಕೊಟ್ಟದ್ದು.

ನಮ್ಮ ದೇಶದಲ್ಲಿ ರಿಪೇರಿಯಾದ ವಿಮಾನ ಲೈಸೆನ್ಸಿನ ಎಂಜಿನಿಯರ್ ಸಹಿಯಿಲ್ಲದೆ ಹಾರುವಂತಿಲ್ಲ. ಕಾನೂನೇನೋ ಚಲೋ ಐತಿ. ಆದರೆ ರಾತ್ರಿ ಪಾಳಿಯ ನಿದ್ದೆಗಣ್ಣು, ಬೆಳಗಿನ ಹಾರಾಟದ ಗಡಿಬಿಡಿ, ಮೇಲಿನವರ ಫೋನು ಇವುಗಳ ನಡುವೆ "ಸಹಿ ಹಾಕಂಗಿಲ್ರೀ" ಅನ್ನಲು ಎದೆ ಬೇಕು. ಆ ಎದೆಯ ಹಿಂದೆ ಸಂಘ ಬೇಕು.

ನಮ್ಮ ಹಿರಿಯರು ಓದಲು ಬಾರದೆ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಜೀತಕ್ಕೆ ಬಿದ್ದರು. ಸಹಿ ಕಲಿತ ಮೊದಲ ತಲೆಮಾರು ನಾವು. ಗೆಳೆಯರೇ, ಓದಿ ನೋಡಿ ಸಹಿ ಹಾಕದಿರುವುದನ್ನೂ ನಾವೇ ಕಲಿಯಬೇಕು.