ತಿರುವೈಯಾರಿನ ಪಾಠ

ತಂಜಾವೂರಿನಿಂದ ಉತ್ತರಕ್ಕೆ ಸುಮಾರು 11 ಕಿಲೋಮೀಟರು ಸಾಗಿ, ಒಂದರ ಹಿಂದೊಂದು ಬರುವ ಹೊಳೆಗಳ ಸೇತುವೆಗಳನ್ನು ದಾಟಿದರೆ ತಿರುವೈಯಾರು ಸಿಕ್ಕುವುದು. ನಮ್ಮ ಕೊಡಗಿನಲ್ಲಿ ಹುಟ್ಟಿದ ಕಾವೇರಿಯೇ ಇಲ್ಲಿಯೂ ಹರಿಯುತ್ತಿರುವಳಾದ್ದರಿಂದ ಊರು ನಮಗೆ ಪರಕೀಯವೆನಿಸಲಿಲ್ಲ. ನದೀತೀರದಲ್ಲಿ, 1847ರಲ್ಲಿ ದೇಹ ಬಿಟ್ಟ ತ್ಯಾಗರಾಜರ ಸಮಾಧಿ. ಅದಕ್ಕೆ ಗುಡಿ ಕಟ್ಟಿಸಿದವರು ನಮ್ಮ ನಾಡಿನ ಬೆಂಗಳೂರು ನಾಗರತ್ನಮ್ಮನವರು. ಅವರ ಸಮಾಧಿಯೂ ಅಲ್ಲಿಯೇ ಇದೆ.

ಆರಾಧನೆಯ ಜನಸಂದಣಿಯಿಲ್ಲದ ದಿನವಾದ್ದರಿಂದ ನೆಮ್ಮದಿಯಾಗಿ ಕುಳಿತೆವು. ಆಗತಾನೆ ಕೃತಿರಚನೆಗೆ ತೊಡಗಿದ್ದ ನಮ್ಮ ಸೋದರ ಸೊಸೆಯು, "ಅತ್ತೆ, ನನ್ನ ಹಾಡಿನಲ್ಲಿ ಮೇಷ್ಟರ ಛಾಯೆಯೇ ಕಾಣುವುದಾದರೆ ಅದು ನನ್ನದು ಹೇಗಾದೀತು?" ಎಂದು ಕೇಳಿದಳು. ಇಂಥ ಪ್ರಶ್ನೆಗೆ ಈ ಊರಿಗಿಂತ ತಕ್ಕ ಸ್ಥಳ ಬೇರೊಂದಿಲ್ಲ.

ತ್ಯಾಗರಾಜರ ಶಿಷ್ಯರು ಮಾನಂಬುಚಾವಡಿ ವೆಂಕಟಸುಬ್ಬಯ್ಯನವರು. ಅವರ ಬಳಿ ಕಲಿತ ಮಹಾವೈದ್ಯನಾಥ ಅಯ್ಯರವರು 72 ಮೇಳಗಳನ್ನೂ ಪೋಣಿಸಿ ಮಹತ್ತಾದ ರಾಗಮಾಲಿಕೆಯೊಂದನ್ನು ಕಟ್ಟಿದರು. ಅಲ್ಲಿಯೇ ಕಲಿತ ಪಟ್ಣಂ ಸುಬ್ರಹ್ಮಣ್ಯ ಅಯ್ಯರವರಾದರೋ ತ್ಯಾಗರಾಜರ ಅಚ್ಚಿನಲ್ಲಿಯೇ ಕೃತಿಗಳನ್ನು ರಚಿಸುತ್ತ, ನಡುವೆ ಕದನಕುತೂಹಲವೆಂಬ ಹೊಸ ರಾಗವನ್ನೂ ಹುಟ್ಟಿಸಿದರು.

ಈ ಪಟ್ಣಂ ಅಯ್ಯರವರ ಬಳಿಗೇ ಚಾಮರಾಜ ಒಡೆಯರು ಮೈಸೂರಿನ ವಾಸುದೇವಾಚಾರ್ಯರನ್ನು ಕಳುಹಿಸಿದ್ದು. ಗುರುಕುಲದಲ್ಲಿ ಕೃತಿರಚನೆಗೆಂದು ಬೇರೆ ಪಾಠವಿರುತ್ತಿರಲಿಲ್ಲ. ಗುರು ಹಾಡುವಾಗ ಹಿಂದೆ ಕುಳಿತು ದನಿಗೂಡಿಸಬೇಕು. ಒಂದು ಸಾಲಿನ ಮೇಲೆ ಸಂಗತಿಗಳು ಹೇಗೆ ಬೆಳೆಯುವುವೆಂಬುದನ್ನು ಕಿವಿಯಿಂದಲೇ ಹೀರಬೇಕು. ಹಾಗೆ ಹೀರಿದ್ದು ಆಚಾರ್ಯರ ರಚನೆಗಳಲ್ಲಿ ಸ್ಪಷ್ಟವಾಗಿದೆ. ಪಲ್ಲವಿ, ಅನುಪಲ್ಲವಿ, ಚರಣಗಳ ಕಟ್ಟು ಅದೇ; ಖಮಾಚ್ ರಾಗದ ಅವರ ಪ್ರಸಿದ್ಧ ಕೃತಿಯೂ ಗುರುವಿನಂತೆ ತೆಲುಗಿನಲ್ಲಿದೆ. ಆದರೆ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತದ್ದು ಸುಮ್ಮನಿರಲಿಲ್ಲ. ಅವರ ಸಂಸ್ಕೃತ ಕೃತಿಗಳ ಪದಲಾಲಿತ್ಯವು ತಿರುವೈಯಾರಿನದಲ್ಲವೆಂದೇ ನಮ್ಮ ಎಣಿಕೆ. ಗುರುವಿನ ಅಂಕಿತ ವೆಂಕಟೇಶ, ಶಿಷ್ಯರದು ವಾಸುದೇವ. ಅದೇ ಗುರುವಿನ ಮತ್ತೊಬ್ಬ ಶಿಷ್ಯರಾದ ಪೂಚಿ ಶ್ರೀನಿವಾಸ ಅಯ್ಯಂಗಾರ್ಯರದು ಶ್ರೀನಿವಾಸ.

"ಕಟ್ಟನ್ನು ಇಟ್ಟುಕೊಂಡದ್ದು ಸರಿ, ಭಾಷೆಯನ್ನಾದರೂ ಕನ್ನಡ ಮಾಡಿಕೊಳ್ಳಬಹುದಿತ್ತಲ್ಲ?" ಎಂದಳು ಹುಡುಗಿ. ಇದಕ್ಕೆ ನಾವು ಥಟ್ಟನೆ ಉತ್ತರ ಕೊಡಲಾರದೆ ಹೋದೆವು. ತೆಲುಗು ಅಂದಿನ ಸಭೆಗಳ ರೂಢಿಯೂ ಆಗಿತ್ತೆಂಬುದು ನಿಜ. ಆದರೂ ಅಂಥ ಕೈಯಿಂದ ಕನ್ನಡ ಕೃತಿಗಳು ಹೇರಳವಾಗಿ ಬಾರದೆ ಹೋದದ್ದು ನಮಗೆ ನಷ್ಟವೇ. ಆಚಾರ್ಯರ ಕನ್ನಡವೆಲ್ಲ ಗದ್ಯಕ್ಕೆ ಸಂದಿತು: ತಾವು ಕಂಡ ಕಲಾವಿದರನ್ನು ಕುರಿತು ಅವರು ಬರೆದ ಪುಸ್ತಕದಲ್ಲಿ ಪಟ್ಣಂ ಅಯ್ಯರವರು ತಿಳಿಗನ್ನಡದಲ್ಲಿ ನಮಗೆ ದರ್ಶನ ಕೊಡುವರು.