ಮಾಲ್ಗುಡಿಗೆ ಹೋಗಿಬಂದುದು

ಮಳೆಗಾಲದಲ್ಲಿ ಆಗುಂಬೆಗೆ ಹೊರಡುವವರನ್ನು ನಮ್ಮ ಬಯಲುಸೀಮೆಯ ಜನರು ಬುದ್ಧಿವಂತರ ಸಾಲಿನಲ್ಲಿ ಸೇರಿಸುವುದಿಲ್ಲ. 78 ವರ್ಷದ ತಾಯಿಯನ್ನು ಜೊತೆಗೆ ಕರೆದುಕೊಂಡು ಹೊರಡುವವನನ್ನಂತೂ ಏನೆಂದಾರೋ! ಆದರೆ ಹಟ ಹಿಡಿದವರು ತಾಯಿಯವರೇ. "ಆ ಹುಡುಗನ ಮನೆಯನ್ನು ಒಮ್ಮೆ ನೋಡಬೇಕು" ಎಂದು ಅವರು ಅದೆಷ್ಟು ವರ್ಷಗಳಿಂದ ಹೇಳುತ್ತಿದ್ದರೋ ಲೆಕ್ಕವಿಲ್ಲ. ಕೊನೆಗೆ 2022ರ ಶ್ರಾವಣದಲ್ಲಿ ಹೊರಟೆವು.

ಆ ಹುಡುಗನೆಂದರೆ ಸ್ವಾಮಿ. ಶ್ರೀ ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ಅವರು 1986ರಲ್ಲಿ ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ಎಂಬ ಹೆಸರಿನಲ್ಲಿ ತೆರೆಗೆ ತಂದುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಅವರು ನಿರ್ದೇಶಿಸಿದ ಕಂತುಗಳು 39 ಮಾತ್ರ. ಈಗಿನ ಧಾರಾವಾಹಿಗಳು ಅಷ್ಟು ಕಂತುಗಳಲ್ಲಿ ಒಂದು ಮದುವೆಯ ಮಾತುಕತೆಯನ್ನೂ ಮುಗಿಸಲಾರವು! ಮಾಲ್ಗುಡಿಯಾದರೋ ಯಾವ ನಕ್ಷೆಯಲ್ಲಿಯೂ ಇಲ್ಲದ ಊರು. ಸರಯೂ ನದಿ, ಮೆಂಪಿ ಬೆಟ್ಟಗಳೆಲ್ಲವೂ ಗ್ರಂಥಕರ್ತರ ಕಲ್ಪನೆಯ ಸೃಷ್ಟಿ. ಆ ಊರಿಗೆ ಕಲ್ಲು, ಹೆಂಚು, ಅಂಗಳಗಳನ್ನು ಒದಗಿಸಿಕೊಟ್ಟುದು ನಮ್ಮ ಮಲೆನಾಡು.

ಶಿವಮೊಗ್ಗೆಯಿಂದ ಮೊದಲು ಅರಸಾಳಿಗೆ ಹೋದೆವು. ಇದು ತಾಳಗುಪ್ಪದ ದಾರಿಯಲ್ಲಿ, ರಿಪ್ಪನ್‌ಪೇಟೆಯ ಸಮೀಪದಲ್ಲಿ, ಕಾಡಿನ ನಡುವೆ ಇರುವ ಸಣ್ಣ ರೈಲ್ವೆ ಸ್ಟೇಷನ್ನು. ಮಾಲ್ಗುಡಿಯ ಸ್ಟೇಷನ್ನಾಗಿ ತೆರೆಯ ಮೇಲೆ ಕಂಡುದು ಇದೇ. ಹಳೆಯ ಕಟ್ಟಡವನ್ನು 2020ರಲ್ಲಿ ದುರಸ್ತಿಮಾಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಧಾರಾವಾಹಿಯ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದನ್ನು ಅಣಿಗೊಳಿಸಿದರೆಂಬುದು ಸಂತೋಷದ ಸಂಗತಿ. ತಾಯಿಯವರು ಒಳಗಿನ ಚಿತ್ರಗಳನ್ನು ಬೇಗ ನೋಡಿ ಮುಗಿಸಿ, ಹೊರಗೆ ಬಂದು ಬೆಂಚಿನ ಮೇಲೆ ಕುಳಿತು, "ಬಂಡಿ ಎಷ್ಟು ಹೊತ್ತಿಗೆ?" ಎಂದು ಕೇಳಿದರು. ನಾವು ಬಂಡಿಯಲ್ಲಿ ಹೋಗುವವರಲ್ಲವೆಂದು ಹೇಳಿದರೂ ಒಂದು ಬಂಡಿಯಾದರೂ ಬರುವವರೆಗೆ ಅವರು ಏಳಲಿಲ್ಲ.

ತೀರ್ಥಹಳ್ಳಿಯನ್ನು ದಾಟುತ್ತಲೇ ಮಳೆ ಹಿಡಿಯಿತು. ಸಮುದ್ರಮಟ್ಟದಿಂದ 2,000 ಅಡಿಗಳಿಗೂ ಮೇಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆಂದು ಓದಿದ್ದೆ. ಓದುವುದು ಬೇರೆ, ನೆನೆಯುವುದು ಬೇರೆ. ಅಲ್ಲಿ ಮಳೆ ಬೀಳುವುದಿಲ್ಲ, ನಿಂತಿರುತ್ತದೆ. ಅರಬ್ಬೀ ಸಮುದ್ರದ ಮೇಲಿನ ಸೂರ್ಯಾಸ್ತವನ್ನು ತೋರಿಸುವ ಪ್ರಸಿದ್ಧ ಕಟ್ಟೆಯಿಂದ ನಮಗೆ ಕಂಡುದು ನಮ್ಮದೇ ಕೊಡೆಯ ಅಂಚು. ಇಂತಹ ಊರನ್ನು ಚಿತ್ರೀಕರಣಕ್ಕೆಂದು ಆರಿಸಿದ ಶಂಕರನಾಗರ ಧೈರ್ಯವನ್ನು ಏನೆನ್ನಬೇಕು! ನಾರಾಯಣರ ಮಾಲ್ಗುಡಿಯಲ್ಲಿ ಬಿಸಿಲೇ ಹೆಚ್ಚೆಂದು ನನ್ನ ಭಾವನೆ. ಆದರೂ ಧಾರಾವಾಹಿಯನ್ನು ಕಂಡ ಮೇಲೆ ಆ ಊರನ್ನು ಬೇರೆಲ್ಲಿಯೂ ಇಟ್ಟು ನೋಡಲು ನನಗಾಗಿಲ್ಲ. 1990ರ ಸೆಪ್ಟೆಂಬರಿನಲ್ಲಿ ದಾವಣಗೆರೆಯ ಬಳಿ ರಸ್ತೆಯ ಅಪಘಾತದಲ್ಲಿ ಅವರು ತೀರಿಕೊಂಡಾಗ ಅವರಿಗೆ ವಯಸ್ಸು 35.

ದೊಡ್ಡಮನೆ ಶತಮಾನಕ್ಕೂ ಮಿಕ್ಕ ಹಳೆಯ ಮನೆ. ಮರದ ಕಂಬಗಳು, ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಜಗಲಿ. ಬಾಲಕ ಮಂಜುನಾಥನು ಸ್ವಾಮಿಯಾಗಿ ಓಡಾಡಿದುದು, ಗಿರೀಶ ಕಾರ್ನಾಡರು ಅವನ ತಂದೆಯಾಗಿ ಗದರಿದುದು ಇದೇ ಮನೆಯಲ್ಲಿ. ಒಳಗಿನಿಂದ ಬಿಸಿ ಕಷಾಯ ಬಂದಿತು. ತಾಯಿಯವರು ಕಂಬವೊಂದಕ್ಕೆ ಒರಗಿ ಕುಳಿತರು.

ನನಗೆ ಆಗ 1986ರ ನೆನಪಾಯಿತು. ನಮ್ಮ ಬೀದಿಗೆಲ್ಲ ಇದ್ದುದು ಒಂದೇ ಟೆಲಿವಿಷನ್ನು, ಎದುರುಮನೆಯ ಡಾಕ್ಟರರದು. ಧಾರಾವಾಹಿ ಹಿಂದಿಯಲ್ಲಿ, ತಾಯಿಯವರಿಗೆ ಹಿಂದಿ ಬಾರದು. 13 ವರ್ಷದ ನಾನೇ ಅವರ ದುಭಾಷಿ! ನನಗೆ ಬರುತ್ತಿದ್ದ ಹಿಂದಿಯಾದರೂ ಅಷ್ಟಕ್ಕಷ್ಟೇ. ಅಂಚೆಯ ತಾನಪ್ಪನ ಕಥೆ ಬಂದ ವಾರ ನಾನು ಬೇಕೆಂದೇ ಸುಳ್ಳು ಹೇಳಿದೆ. ಹುಡುಗಿಯೊಬ್ಬಳ ಮದುವೆ ನಿಂತುಹೋಗದಿರಲೆಂದು ಸಾವಿನ ತಂತಿಯನ್ನು ಬಚ್ಚಿಡುವವನು ಆ ತಾನಪ್ಪ. "ಪಾಪ, ಕೊಡಲು ಮರೆತನಂತೆ" ಎಂದುಬಿಟ್ಟೆ. ಏಕೆಂದರೆ ಲೆಕ್ಕದಲ್ಲಿ ನಾನು ತಪ್ಪಿದ್ದೇನೆಂದು ಶಾಲೆಯಿಂದ ತಂದೆಯವರಿಗೆ ಬಂದ ಕಾಗದವನ್ನು ಅದೇ ವಾರ ದೇವರ ಮನೆಯ ಹಳೆಯ ಪಂಚಾಂಗಗಳ ನಡುವೆ ನಾನು ಅಡಗಿಸಿದ್ದೆ. ಕಾಗದವನ್ನು ಬಚ್ಚಿಡುವ ವಿಚಾರವೇ ಅವರ ಕಿವಿಗೆ ಬೀಳಬಾರದೆಂಬುದು ನನ್ನ ಉಪಾಯ. ಕೆಲವು ದಿನಗಳ ಮೇಲೆ ನೋಡಿದರೆ ಆ ಕಾಗದ ಅಲ್ಲಿರಲಿಲ್ಲ. ತಂದೆಯವರ ಕೈಸೇರಿತೆಂದು ತಿಂಗಳುಗಟ್ಟಲೆ ನಡುಗಿದೆ. ಅವರು ಏನೂ ಕೇಳಲಿಲ್ಲ. ಮುಂಗೋಪಿಗಳೆಂದು ಹೆಸರಾದ ನನ್ನ ತಂದೆ ಒಂದು ಮಾತನ್ನೂ ಆಡದೆ ನನ್ನನ್ನು ಕ್ಷಮಿಸಿದರೆಂದು ಅಂದಿನಿಂದ ನಂಬಿದ್ದೆ. ಅವರು ತೀರಿಕೊಂಡಾಗ ನೆಂಟರಿಷ್ಟರ ಮುಂದೆ ಅದನ್ನೇ ಹೇಳಿ ಅತ್ತಿದ್ದೆ.

ದೊಡ್ಡಮನೆಯ ಜಗಲಿಯಲ್ಲಿ ನನ್ನ ಸುಳ್ಳು ಅನುವಾದವನ್ನು ತಾಯಿಯವರಿಗೆ ಒಪ್ಪಿಸಿದೆ. ಅವರು ನಗಲೂ ಇಲ್ಲ, ಬೆರಗಾಗಲೂ ಇಲ್ಲ.

"ಆ ಅಂಚೆಯವನ ಮುಖ ಮರೆತವನ ಮುಖವೇನೋ? ಬೇಕೆಂದೇ ಇಟ್ಟುಕೊಂಡವನದು. ನಿನ್ನ ಮುಖವೂ ಹಾಗೆಯೇ ಇತ್ತು. ಮರುದಿನ ಹುಡುಕಿದೆ. ಪಂಚಾಂಗಗಳ ಧೂಳು ಹೊಡೆಯುವವಳು ನಾನಲ್ಲದೆ ಮತ್ತಾರು?"

"ಅಪ್ಪನಿಗೆ ಕೊಟ್ಟೆಯಾ?"

"ಕೊಟ್ಟಿದ್ದರೆ ನಿನ್ನ ಬೆನ್ನು ಉಳಿಯುತ್ತಿತ್ತೇ! ಬಚ್ಚಲ ಒಲೆಗೆ ಹಾಕಿದೆ."

ನಾನು ಬಹಳ ಹೊತ್ತು ಮಾತನಾಡಲಿಲ್ಲ. 36 ವರ್ಷ ನಾನು ಕಾಪಾಡಿಕೊಂಡು ಬಂದಿದ್ದ ತಂದೆಯ ಆ ಮೌನದಲ್ಲಿ ಏನೂ ಇರಲಿಲ್ಲ. ಅವರಿಗೆ ವಿಷಯವೇ ತಿಳಿದಿರಲಿಲ್ಲ. ಅವರು ತೀರಿಕೊಂಡ ದಿನ ನಾನು ಅತ್ತುದನ್ನು ತಾಯಿಯವರು ಪಕ್ಕದಲ್ಲಿಯೇ ಕುಳಿತು ಕೇಳಿದ್ದರು.

"ಆ ದಿನವಾದರೂ ಹೇಳಬಹುದಾಗಿತ್ತಲ್ಲ, ಅಮ್ಮ?"

"ಆ ದಿನ ಹೇಗೆ ಹೇಳಲಿ?" ಎಂದು ಅವರು ಕಷಾಯದ ಲೋಟವನ್ನು ಕೆಳಗಿಟ್ಟರು. ಅಂಗಳಕ್ಕೆ ನಾಲ್ಕೂ ಕಡೆಯ ಸೂರಿನಿಂದ ನೀರು ಸುರಿಯುತ್ತಿತ್ತು. ಅದರ ಸದ್ದಿನಲ್ಲಿ ಅವರ ಮುಂದಿನ ಮಾತು ನನಗೆ ಕೇಳಲಿಲ್ಲ. ಹತ್ತಿರ ಸರಿದೆ.

"ಅದಿರಲಿ, ಕೊನೆಗೆ ಆ ಅಂಚೆಯವನಿಗೆ ಏನಾಯಿತು? ಈಗಲಾದರೂ ಸರಿಯಾಗಿ ಹೇಳು" ಎಂದರು.

ಮಳೆ ನಿಲ್ಲುವ ಲಕ್ಷಣವಿರಲಿಲ್ಲ. ಮೊದಲಿನಿಂದ ಹೇಳತೊಡಗಿದೆ.