ತಕ್‌ದೀರ್, ತದ್‌ಬೀರ್ ಮತ್ತು ಒಂದು ಪಟ್ಟಿ

ನನಗೆ ಸೈಕಲ್ ತುಳಿಯಲೂ ಬರುವುದಿಲ್ಲ. ಆದರೆ ಹಳೆಯ ಸ್ಪೋರ್ಟ್ಸ್ ಕಾರುಗಳ ವಿಷಯದಲ್ಲಿ ನಾನೀಗ ಅರ್ಧ ಪಂಡಿತಳು. ಕಾರಣ, ನನ್ನ ಅಕ್ಕನ ಮಗ. ಅವನಿಗೆ ಆ ಕಾರುಗಳ ಹುಚ್ಚು. ಅವನ ಮಾತು ಕೇಳಿ ಕೇಳಿ ನಾನೂ ಓದತೊಡಗಿದೆ. ಕತೆ ಬರೆಯುವವಳಿಗೆ ಮನೆಯ ಹೊರಗೋಡೆಗಿಂತ ಒಳಗಿನ ಬದುಕು ಮುಖ್ಯ. ಕಾರಿನಲ್ಲೂ ನನ್ನ ಕಣ್ಣು ಹೋದದ್ದು ಒಳಗಡೆಗೇ.

1954ರಲ್ಲಿ ಜರ್ಮನಿಯ ಮರ್ಸಿಡಿಸ್ ಕಂಪನಿ ಹೊರತಂದ 300 ಎಸ್‌ಎಲ್ ಕಾರಿನ ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುತ್ತವೆ. ಅದು ಬರೀ ಬೆಡಗಲ್ಲ. ಉಕ್ಕಿನ ಕೊಳವೆಗಳ ಚೌಕಟ್ಟು ಎರಡೂ ಬದಿಯಲ್ಲಿ ಎತ್ತರಕ್ಕೆ ಬಂದದ್ದರಿಂದ ಮಾಮೂಲಿ ಬಾಗಿಲಿಗೆ ಜಾಗವೇ ಇರಲಿಲ್ಲ. ಆ ಎತ್ತರದ ಹೊಸ್ತಿಲು ದಾಟಿ ಒಳಗಿಳಿಯಬೇಕು. ಅದಕ್ಕೆಂದೇ ಸ್ಟೀರಿಂಗ್ ಚಕ್ರ ಬಾಗುತ್ತದೆ. ಕಿಟಕಿಯ ಗಾಜು ಕೆಳಗಿಳಿಯುವುದಿಲ್ಲ. ಬಿಸಿಲಿದ್ದರೆ ಒಳಗೆ ಒಲೆಯೇ. ಇನ್ನು ಕಾರು ಮಗುಚಿದರೆ? ಮೇಲಕ್ಕೆ ತೆರೆಯಬೇಕಾದ ಬಾಗಿಲಿಗೆ ನೆಲವೇ ಅಡ್ಡ. ಅದೇ ಕಂಪನಿ 2010ರಲ್ಲಿ ಅಂಥದೇ ಬಾಗಿಲಿನ ಎಸ್‌ಎಲ್‌ಎಸ್ ಕಾರನ್ನು ಮಾರಾಟಕ್ಕೆ ತಂದಾಗ, ಮಗುಚಿದರೆ ಬಾಗಿಲನ್ನು ಬೇರ್ಪಡಿಸಲು ಅದರ ಕೀಲುಗಳಲ್ಲಿ ಸಣ್ಣ ಸಿಡಿಮದ್ದು ಇಟ್ಟಿತು.

1961ರ ಬ್ರಿಟಿಷ್ ಕಾರು ಜಾಗ್ವಾರ್ ಇ-ಟೈಪ್‌ನಲ್ಲಿ ಮರದ ಸ್ಟೀರಿಂಗ್ ಚಕ್ರ, ವಿಮಾನದಲ್ಲಿರುವಂತೆ ಸಾಲಾಗಿ ಚಾಚಿಕೊಂಡ ಸ್ವಿಚ್ಚುಗಳು. ನೋಡಲು ಚೆಂದ. ಡಿಕ್ಕಿಯಾದಾಗ ಮೈಗೆ ಚುಚ್ಚುವುದೂ ಅವೇ. ಆ ಕಾಲದ ಬಹಳಷ್ಟು ಕಾರುಗಳಲ್ಲಿ ಸ್ಟೀರಿಂಗಿನ ಕಂಬವೂ ಕುಗ್ಗುತ್ತಿರಲಿಲ್ಲ; ಮುಂಭಾಗ ಜಜ್ಜಿದರೆ ಅದು ನೇರವಾಗಿ ಚಾಲಕನ ಎದೆಗೆ ಬರುತ್ತಿತ್ತು.

1965ರಲ್ಲಿ ಅಮೆರಿಕದ ವಕೀಲ ರಾಲ್ಫ್ ನೇಡರ್ ಕಾರು ಕಂಪನಿಗಳ ಈ ಅಸಡ್ಡೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಮರುವರ್ಷ ಅಲ್ಲಿ ಕಾನೂನು ಬಂತು, 1968ರಿಂದ ನಿಯಮಗಳು ಜಾರಿಯಾದವು. ಜಾಗ್ವಾರಿನ ಸ್ವಿಚ್ಚುಗಳು ಚಪ್ಪಟೆಯಾದವು. ಎಂಜಿಬಿ ಎಂಬ ಪುಟ್ಟ ಕಾರು ಅಮೆರಿಕಕ್ಕೆ ಹೋಗಬೇಕಾದರೆ ಡ್ಯಾಶ್‌ಬೋರ್ಡಿಗೆ ದಪ್ಪನೆಯ ಮೆತ್ತೆ ಹೊದೆಯಬೇಕಾಯಿತು. ಸಾಮಾನಿಡುವ ಗೂಡೇ ಮಾಯವಾಯಿತು. ಅಭಿಮಾನಿಗಳು ಅದಕ್ಕೆ ಕಾರ್ಖಾನೆಯಿದ್ದ ಊರಿನ ಹೆಸರು ಹಚ್ಚಿ ‘ಅಬಿಂಗ್‌ಡನ್ ದಿಂಬು’ ಎಂದು ಗೇಲಿ ಮಾಡಿದರು.

ನಮ್ಮ ಹುಡುಗನಿಗೂ ಇದೇ ದುಃಖ. “ಅಲ್ಲಿಂದಾಚೆ ಚೆಂದ ಸತ್ತೇಹೋಯ್ತು ಖಾಲಾ” ಎನ್ನುತ್ತಾನೆ. ಅವನ ಸ್ವಂತ ಕಾರು ಹೊಸದು. ಬೆಲ್ಟ್ ಹಾಕದಿದ್ದರೆ ಅದು ಕೂಗುತ್ತದೆ. ಅವನು ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ ಅದರ ಬಾಯಿ ಮುಚ್ಚಿಸುತ್ತಾನೆ. ಕೇಳಿದರೆ, “ತಕ್‌ದೀರಿನಲ್ಲಿ ಇದ್ದದ್ದು ತಪ್ಪುತ್ತಾ?”

ಉರ್ದು ಶಾಲೆಯಲ್ಲಿ ನಮ್ಮ ಉಸ್ತಾದರು ತಕ್‌ದೀರನ್ನು ಎಂದೂ ಒಂಟಿಯಾಗಿ ಕಲಿಸಲಿಲ್ಲ. ಜೊತೆಗೆ ತದ್‌ಬೀರ್ ಇರುತ್ತಿತ್ತು. ಒಂದು ವಿಧಿ, ಇನ್ನೊಂದು ಮನುಷ್ಯನ ಉಪಾಯ, ಮುನ್ನೆಚ್ಚರಿಕೆ. ಒಂಟೆಯನ್ನು ಮೊದಲು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂದು ಪ್ರವಾದಿಯವರು (ಸ) ಹೇಳಿದ್ದನ್ನು ಮದುವೆಯ ಭಾಷಣಗಳಲ್ಲೂ ಕೇಳುತ್ತೇವೆ. ಆಮೇಲೆ ಒಂಟೆಯನ್ನು ಬಿಚ್ಚಿಬಿಟ್ಟೇ ಮನೆಗೆ ಹೊರಡುತ್ತೇವೆ.

ಮೂರು ಕಡೆ ಬಿಗಿಯುವ ಬೆಲ್ಟನ್ನು ರೂಪಿಸಿದವರು ಸ್ವೀಡನ್ನಿನ ನಿಲ್ಸ್ ಬೋಲಿನ್. ಅದಕ್ಕೂ ಮೊದಲು ಅವರು ಯುದ್ಧವಿಮಾನದಿಂದ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಆಸನಗಳ ಕೆಲಸ ಮಾಡುತ್ತಿದ್ದರು. ಹಾರಿಸುವುದನ್ನು ಕಲಿತವರು ಹಿಡಿದಿಡುವುದನ್ನೂ ಯೋಚಿಸಿದರು: ಎದೆಗೊಂದು ಪಟ್ಟಿ, ಸೊಂಟಕ್ಕೊಂದು, ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದು. 1959ರಲ್ಲಿ ವೋಲ್ವೊ ಅದನ್ನು ಕಾರಿಗೆ ಅಳವಡಿಸಿತು. ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸಲೆಂದು ಬಿಟ್ಟುಕೊಟ್ಟಿತು. ನಮ್ಮ ಹುಡುಗ ಹೊಗಳುವ ಇ-ಟೈಪ್ ಬಂದ 1961ರಲ್ಲೇ ವೋಲ್ವೊದ ಸ್ಪೋರ್ಟ್ಸ್ ಕಾರು ಪಿ1800 ಕೂಡ ಬಂತು. ಅದೂ ಸುಂದರಿಯೇ. ಅದರಲ್ಲಿ ಈ ಪಟ್ಟಿ ಇತ್ತು. ಹಾಗಾದರೆ ಚೆಂದವನ್ನು ಕೊಂದದ್ದು ಪಟ್ಟಿಯಲ್ಲ.

ಬಿಟ್ಟುಕೊಟ್ಟ ಆ ಪಟ್ಟಿ ಸಮುದ್ರ ದಾಟಿ ನಮ್ಮ ಊರಿನ ಕಾರುಗಳಿಗೂ ಬಂದಿದೆ. ಹಿಂದಿನ ಸೀಟಿನಲ್ಲಿ ಅದರ ಕೊಂಡಿ ಹೊಸ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿರುತ್ತದೆ. ಮದುವೆಗೆ ಹೊರಟ ಮಕ್ಕಳು ಅದರ ಮೇಲೆ ನಿಂತು, ಹಿಂದಿನ ಗಾಜಿನಿಂದ ನಮಗೆ ಕೈ ಬೀಸುತ್ತಿರುತ್ತಾರೆ.